ಬುಡಾಪೆಸ್ಟ್‌ಗೆ ಇಬ್ಬರು ಗೆಳತಿಯರು, ಕೈಯಲ್ಲಿ ದುಡ್ಡು ಕಮ್ಮಿ: ಯಾವುದಕ್ಕೆ ಖರ್ಚು ಮಾಡೋಣ, ಯಾವುದನ್ನು ಬಿಡೋಣ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಗೆಳತಿ ಸೆಪ್ಟೆಂಬರ್‌ನಲ್ಲಿ ಬುಡಾಪೆಸ್ಟ್‌ಗೆ ಹೋಗುವ ಯೋಚನೆಯಲ್ಲಿದ್ದೇವೆ. ಮೊದಲು ಪ್ಯಾರಿಸ್ ಅಂದುಕೊಂಡಿದ್ದೆವು. ರೂಮ್ ಬಾಡಿಗೆ ನೋಡಿದ ಮೇಲೆ ಇಬ್ಬರೂ ಆ ಮಾತೇ ಎತ್ತಲಿಲ್ಲ. ಪ್ಯಾಕೇಜ್ ಟೂರ್ ಬೇಡವೇ ಬೇಡ, ಬೆಳಗ್ಗೆ ಆರಕ್ಕೆ ಎಬ್ಬಿಸಿ ಬಸ್ಸಿಗೆ ತುಂಬುವವರ ಸಹವಾಸ ಸಾಕಾಗಿದೆ.

ನಾನು ಸಸ್ಯಾಹಾರಿ, ಮೊಟ್ಟೆ ಪರವಾಗಿಲ್ಲ. ಅವಳು ಏನು ಕೊಟ್ಟರೂ ತಿನ್ನುತ್ತಾಳೆ. ಅವಳಿಗೆ ಮ್ಯೂಸಿಯಂ ಹುಚ್ಚು, ನನಗೆ ಸುಮ್ನೆ ಬೀದಿ ಸುತ್ತುವುದು ಇಷ್ಟ. ಇಬ್ಬರದೂ ಸಂಬಳದ ಕೆಲಸ, ರಜೆ ಒಂದು ವಾರ. ಎಲ್ಲಿ ಉಳಿಯಬೇಕು, ಎಲ್ಲಿ ದುಡ್ಡು ಸುಮ್ಮನೆ ಹೋಗುತ್ತದೆ, ಏನು ಬಿಟ್ಟರೂ ನಷ್ಟವಿಲ್ಲ? ಹೋಗಿ ಬಂದವರು, ಅಲ್ಲೇ ಇರುವವರು ಹೇಳಿ. ಮಧ್ಯೆ ಎರಡು ರಾತ್ರಿ ವಿಯೆನ್ನಾ ಸೇರಿಸಬಹುದಾ ಅಂತಲೂ ಅನುಮಾನ ಇದೆ.

ಪೆಸ್ಟ್ ಕಡೆಯವ

ಬನ್ನಿ ಬನ್ನಿ. ನಾನು ಹುಬ್ಬಳ್ಳಿಯವನು, ಕೆಲಸಕ್ಕೆ ಬಂದು ಇಲ್ಲೇ ಇದ್ದೇನೆ.

ಮೊದಲು ಊರಿನ ನಕ್ಷೆ ತಲೆಯಲ್ಲಿ ಕೂರಲಿ. ಡ್ಯಾನ್ಯೂಬ್ ನದಿ ಮಧ್ಯೆ ಹರಿಯುತ್ತದೆ. ಪಶ್ಚಿಮಕ್ಕೆ ಬುಡಾ, ಅದು ಗುಡ್ಡ. ಪೂರ್ವಕ್ಕೆ ಪೆಸ್ಟ್, ಅದು ಬಯಲು. 1873ರವರೆಗೆ ಇವು ಬೇರೆ ಬೇರೆ ಊರು. ಬುಡಾ, ಪೆಸ್ಟ್, ಉತ್ತರಕ್ಕಿರುವ ಓಬುಡಾ ಮೂರನ್ನೂ ಸೇರಿಸಿ ಒಂದು ಮಾಡಿದರು. ಈಗಲೂ ಕಡಿಮೆ ಬಾಡಿಗೆಯ ರೂಮು, ಅಗ್ಗದ ಊಟ, ಟ್ರಾಮು ಎಲ್ಲ ಜಾಸ್ತಿ ಇರುವುದು ಪೆಸ್ಟ್ ಕಡೆ. ಬುಡಾ ಕಡೆಯಿಂದ ನೋಟ ಚೆನ್ನ. ಅಂದರೆ ಪೆಸ್ಟ್‌ನಲ್ಲಿ ಮಲಗಿ, ಬುಡಾದಿಂದ ನೋಡಿ.

ರೂಮು 4 ಮತ್ತು 6ನೇ ನಂಬರ್ ಟ್ರಾಮ್ ಓಡುವ ದೊಡ್ಡ ವರ್ತುಲ ರಸ್ತೆಯ ಆಸುಪಾಸಿನಲ್ಲಿ ಹಿಡಿಯಿರಿ. 6ನೇ ನಂಬರ್ ರಾತ್ರಿಯಿಡೀ ಓಡುತ್ತದೆ. ಹೆಣ್ಣುಮಕ್ಕಳಿಬ್ಬರೇ ಇರುವಾಗ ಅದು ದೊಡ್ಡ ಅನುಕೂಲ. ಏಳನೇ ಜಿಲ್ಲೆಯ (ಇಲ್ಲಿ ಊರೊಳಗಿನ ವಿಭಾಗಕ್ಕೇ ಜಿಲ್ಲೆ ಅಂತಾರೆ) ಒಳಭಾಗದಲ್ಲಿ, ಹಳೇ ಯಹೂದಿ ಬೀದಿಗಳಲ್ಲಿ, ಬಾರ್‌ಗಳು ಸಾಲಾಗಿವೆ. ಸಂಜೆ ಹೋಗಿ ನೋಡಿ ಬನ್ನಿ. ಅಲ್ಲಿ ಮಲಗಬೇಡಿ, ಬೆಳಗಿನ ಜಾವದವರೆಗೆ ಗಲಾಟೆ.

ದುಡ್ಡಿನ ವಿಷಯ. ಹಂಗೇರಿ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ) ಒಳಗಿದೆ, ಆದರೆ ಯೂರೋ ಇಲ್ಲ. ಇಲ್ಲಿನದು ಫೋರಿಂಟ್. ಒಂದು ರೂಪಾಯಿಗೆ ಎಷ್ಟು ಫೋರಿಂಟ್ ಅಂತ ಹೊರಡುವ ಮುಂಚೆ ನೋಡಿಕೊಂಡರೆ ಸಾಕು. ಯೂರೋ ತಗೊಳ್ಳುವ ಅಂಗಡಿಗಳು ಇವೆ, ಅವರು ಕೊಡುವ ದರ ಅವರಿಗೆ ಲಾಭದ್ದು. ಕಾರ್ಡ್ ಮಷೀನ್ ಅಥವಾ ಎಟಿಎಂ "ರೂಪಾಯಿಯಲ್ಲೇ ಕೊಡ್ತೀರಾ?" ಎಂದು ಕೇಳಿದರೆ ಬೇಡ ಎನ್ನಿ. ಫೋರಿಂಟ್ ಅಂತಲೇ ಒತ್ತಿ. ಇಲ್ಲಾಂದ್ರೆ ಆ ಒಂದು ಗುಂಡಿಗೇ ಒಂದು ಊಟದ ದುಡ್ಡು ಹೋಗುತ್ತದೆ.

ಹೋಟೆಲ್ ಬಿಲ್‌ನಲ್ಲಿ ಸರ್ವಿಸ್ ಚಾರ್ಜ್ ಮೊದಲೇ ಸೇರಿಸಿದ್ದಾರಾ ನೋಡಿ. ಬಹಳ ಕಡೆ ಶೇ. 10ರಿಂದ 15ರಷ್ಟು ಸೇರಿಸಿರುತ್ತಾರೆ. ಸೇರಿಸಿದ್ದರೆ ಮೇಲೆ ಟಿಪ್ಸ್ ಬೇಕಿಲ್ಲ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು, ಬಾಟಲಿ ಮನೆಯಿಂದಲೇ ತನ್ನಿ.

ವೀಸಾ ಪುರಾಣ

ವಿಯೆನ್ನಾ ಸೇರಿಸುವ ಮೊದಲು ಒಂದು ಮಾತು. ಜಾಸ್ತಿ ರಾತ್ರಿ ಯಾವ ದೇಶದಲ್ಲಿ ಕಳೆಯುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ರಾತ್ರಿಗಳು ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ನಿಮ್ಮ ಲೆಕ್ಕದಲ್ಲಿ ಬುಡಾಪೆಸ್ಟ್ ಜಾಸ್ತಿ, ಹಾಗಾಗಿ ಹಂಗೇರಿ. ಅಪಾಯಿಂಟ್‌ಮೆಂಟ್ ಬೇರೆ ದೇಶದ್ದು ಬೇಗ ಸಿಗುತ್ತೆ ಅಂತ ಅಲ್ಲಿ ಹಾಕಿ ಆಮೇಲೆ ಪ್ಲಾನ್ ತಿರುಗಿಸುವ ಜನ ಇದ್ದಾರೆ. ಗಡಿಯಲ್ಲಿ ಕೇಳಿದರೆ ಉತ್ತರ ಹೇಳುವುದು ನೀವೇ.

2024ರ ಜೂನ್‌ನಿಂದ ಶುಲ್ಕ 90 ಯೂರೋ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಹಾಕಬಹುದು, ಕಡೇ ಪಕ್ಷ 15 ದಿನ ಮೊದಲು. ಸೆಪ್ಟೆಂಬರ್‌ಗೆ ಹೋಗುವವರು ಮೇ ತಿಂಗಳಲ್ಲೇ ಅಪಾಯಿಂಟ್‌ಮೆಂಟ್ ಹಿಡಿಯಿರಿ, ಬೇಸಿಗೆಯಲ್ಲಿ ನೂಕುನುಗ್ಗಲು. ವಿಮೆ ಕನಿಷ್ಠ 30,000 ಯೂರೋ ಇರಬೇಕು.

ಇಬ್ಬರು ಸ್ನೇಹಿತರು ಹೋಗುವಾಗ ಎಡವುವುದು ಇಲ್ಲಿ: ರೂಮ್ ಬುಕಿಂಗ್ ಒಬ್ಬರ ಹೆಸರಲ್ಲಿ ಮಾತ್ರ ಇರುತ್ತದೆ. ಎರಡೂ ಹೆಸರು ಹಾಕಿಸಿ. ಗಂಡ-ಹೆಂಡತಿ ತರ ಒಂದೇ ಫೈಲ್ ನಡೆಯುವುದಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಐಟಿ ರಿಟರ್ನ್, ಕಂಪನಿಯ ರಜೆ ಪತ್ರ ಎಲ್ಲ ಒಬ್ಬೊಬ್ಬರದೂ ಬೇರೆ ಬೇರೆ. ಪ್ರಯಾಣದ ಪಟ್ಟಿ ಮಾತ್ರ ಇಬ್ಬರದೂ ಅಕ್ಷರಕ್ಕಕ್ಷರ ಒಂದೇ ಇರಲಿ. ವೀಸಾ ಕೈಗೆ ಬರುವ ಮೊದಲು ವಾಪಸ್ ಆಗದ ಟಿಕೆಟ್ ಕೊಳ್ಳಬೇಡಿ. ಒಬ್ಬರಿಗೆ ಬಂದು ಇನ್ನೊಬ್ಬರಿಗೆ ತಿರಸ್ಕಾರ ಆದ ಕಥೆ ನಮ್ಮ ಆಫೀಸಿನಲ್ಲೇ ನಡೆದಿದೆ. ವೀಸಾ ಬಂದವಳು ಒಬ್ಬಳೇ ಹೋಗಿ ಬಂದಳು. ಈಗ ಇಬ್ಬರೂ ಮಾತಾಡುವುದಿಲ್ಲ.

ಉಪ್ಪಿಟ್ಟು ವಿರೋಧಿ

ವೀಸಾ ಸಿಗೋ ಮೊದಲೇ ಹೆದರಿಸಬೇಡಿ ಸ್ವಾಮಿ 😀

ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ದುಬೈ, ದೋಹಾ ಅಥವಾ ಫ್ರಾಂಕ್‌ಫರ್ಟ್‌ನಂಥ ಊರಿನ ಮೇಲೆ ಹೋಗಬೇಕು.

ರೈಲು ಹುಚ್ಚ

ನನ್ನ ಹೆಸರೇ ಹೇಳುವಂತೆ ನಾನು ಬುಡಾಪೆಸ್ಟ್‌ಗೆ ಹೋಗಿದ್ದು ಟ್ರಾಮ್ ನೋಡಲು. ಮಿಕ್ಕಿದ್ದೆಲ್ಲ ಹೆಚ್ಚುವರಿ.

ಮೆಟ್ರೋ 1, ಹಳದಿ ಲೈನ್. 1896ರಲ್ಲಿ ಶುರುವಾಯಿತು. ಹಂಗೇರಿಯನ್ನರು ಈ ನೆಲಕ್ಕೆ ಬಂದು ಸಾವಿರ ವರ್ಷ ಆಯಿತು ಎಂದು ಆಗ ದೊಡ್ಡ ಉತ್ಸವ ಮಾಡಿದರು. ಸಿಟಿ ಪಾರ್ಕ್‌ನಲ್ಲಿ ವಸ್ತುಪ್ರದರ್ಶನ, ಅಲ್ಲಿಗೆ ಜನರನ್ನು ಸಾಗಿಸಬೇಕು. ಚಂದದ ಆಂದ್ರಾಶಿ ರಸ್ತೆಯ ಮೇಲೆ ಟ್ರಾಮ್ ಕಂಬಿ ಹಾಕಲು ಒಪ್ಪಲಿಲ್ಲ, ಹಾಗಾಗಿ ರಸ್ತೆ ಅಗೆದು ಕೆಳಗೆ ಓಡಿಸಿದರು. ಯುರೋಪ್ ಮುಖ್ಯಭೂಮಿಯ ಮೊದಲ ಭೂಗತ ರೈಲು ಇದೇ. 2002ರಲ್ಲಿ ಆಂದ್ರಾಶಿ ರಸ್ತೆಯ ಜೊತೆಗೆ ಇದೂ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಇಳಿದು ನೋಡಿ. ಮೆಟ್ಟಿಲು ಹೆಚ್ಚಿಲ್ಲ, ರಸ್ತೆಯ ಕೆಳಗೇ ಪ್ಲಾಟ್‌ಫಾರಂ. ಬಿಳಿ ಹೆಂಚಿನ ಗೋಡೆ, ಸ್ಟೇಷನ್ ಹೆಸರು ಅದರಲ್ಲೇ ಕೂರಿಸಿದ್ದಾರೆ. ಸಾಲು ಕಬ್ಬಿಣದ ಕಂಬ. ಛಾವಣಿ ಎಷ್ಟು ತಗ್ಗು ಅಂದರೆ ರೈಲಿನ ಡಬ್ಬಿಯೂ ಕುಳ್ಳ. ಒಳಗೆ ಹಿಡಿದು ನಿಲ್ಲಲು ಚರ್ಮದ ಪಟ್ಟಿ. ಒಂದು ಎಚ್ಚರಿಕೆ: ಎರಡು ದಿಕ್ಕಿನ ಪ್ಲಾಟ್‌ಫಾರಂಗೂ ಬೇರೆ ಬೇರೆ ಬಾಗಿಲು, ರಸ್ತೆಯ ಆಚೆ ಒಂದು, ಈಚೆ ಒಂದು. ಒಳಗಿನಿಂದ ದಾಟಲು ದಾರಿ ಇಲ್ಲ. ಇಳಿಯುವ ಮುಂಚೆ ದಿಕ್ಕಿನ ಫಲಕ ಓದಿ.

2ನೇ ನಂಬರ್ ಟ್ರಾಮ್ ಪೆಸ್ಟ್ ದಡದ ಉದ್ದಕ್ಕೂ ಓಡುತ್ತದೆ. ಪಾರ್ಲಿಮೆಂಟ್, ಚೈನ್ ಬ್ರಿಡ್ಜ್, ಆಚೆ ದಡದ ಅರಮನೆ, ಗೆಲ್ಲೇರ್ಟ್ ಗುಡ್ಡ, ಕೊನೆಗೆ ದೊಡ್ಡ ಮಾರುಕಟ್ಟೆ. ದಕ್ಷಿಣಕ್ಕೆ ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ. ಇದನ್ನೇ ದೋಣಿಯಲ್ಲಿ ತೋರಿಸಿ ಹತ್ತಾರು ಪಟ್ಟು ವಸೂಲಿ ಮಾಡುತ್ತಾರೆ. ಸಂಜೆ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಹೋಗಿ.

ಏರ್‌ಪೋರ್ಟ್‌ನಿಂದ 100ಇ ಬಸ್ ನೇರ ಊರ ಮಧ್ಯಕ್ಕೆ ಬರುತ್ತದೆ, ಆದರೆ ಅದಕ್ಕೆ ವಿಶೇಷ ಟಿಕೆಟ್. ಊರಿನ ಬಸ್, ಟ್ರಾಮ್, ಮೆಟ್ರೋಗೆ ಬಳಸುವ 72 ಗಂಟೆಯ ಪಾಸ್ ಇದರಲ್ಲಿ ನಡೆಯುವುದಿಲ್ಲ. ಪಾಸ್‌ನಲ್ಲೇ ಬರಬೇಕು ಅಂದರೆ 200ಇ ಬಸ್ ಹಿಡಿದು ಆಮೇಲೆ ಮೆಟ್ರೋ 3.

ಪೆಸ್ಟ್ ಕಡೆಯವ

ರೈಲಿನವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಕಾಗದದ ಬಿಡಿ ಟಿಕೆಟ್ ಕೊಂಡರೆ ಸಾಲದು, ಮಷೀನಿಗೆ ತೂರಿಸಿ ಮುದ್ರೆ ಹಾಕಿಸಬೇಕು. ಮೆಟ್ರೋಗೆ ನಮ್ಮ ಕಡೆಯ ಹಾಗೆ ಗೇಟ್ ಇಲ್ಲ, ಅದಕ್ಕೇ ಹೊಸಬರು ಸೀದಾ ಇಳಿದುಬಿಡುತ್ತಾರೆ. ತಪಾಸಣೆಯವರು ಎಸ್ಕಲೇಟರ್ ಕೆಳಗೇ ನಿಂತಿರುತ್ತಾರೆ. "ಗೊತ್ತಿರಲಿಲ್ಲ" ಅನ್ನುವ ಮಾತು ಅವರು ದಿನಕ್ಕೆ ನೂರು ಸಲ ಕೇಳಿರುತ್ತಾರೆ. ನಿಮ್ಮಿಬ್ಬರಿಗೆ ಪಾಸ್ ವಾಸಿ.

ಬುಡಾ ಕೋಟೆ ಗುಡ್ಡಕ್ಕೆ ಹಗ್ಗದ ರೈಲು ಇದೆ, 1870ರದ್ದು, ಚಂದವೇ. ಆದರೆ ಪಾಸ್ ನಡೆಯಲ್ಲ, ಟಿಕೆಟ್ ದುಬಾರಿ, ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. 16ನೇ ನಂಬರ್ ಬಸ್ ಅದೇ ಗುಡ್ಡಕ್ಕೆ ಪಾಸ್‌ನಲ್ಲೇ ಏರುತ್ತದೆ, ಅದೂ ಚೈನ್ ಬ್ರಿಡ್ಜ್ ಮೇಲೆ ಹಾದು.

ತುಂಗಾತೀರ

ಇಷ್ಟು ಬೇಗ ಇಷ್ಟೊಂದು ಮಾಹಿತಿ! ಎಲ್ಲರಿಗೂ ಥ್ಯಾಂಕ್ಸ್. ಪಾರ್ಲಿಮೆಂಟ್ ಒಳಗೆ ಹೋಗಬೇಕಾ? ಬಿಸಿನೀರಿನ ಸ್ನಾನಗೃಹಕ್ಕೆ? ಎರಡರ ಟಿಕೆಟ್ ನೋಡಿ ಗಾಬರಿ ಆಯಿತು. ಇನ್ನು ನನ್ನ ಊಟದ ಗತಿ ಏನು?

ದೊಡ್ಡಪೇಟೆ

ಪಾರ್ಲಿಮೆಂಟ್‌ಗೆ ದುಡ್ಡು ಕೊಡಿ. ಯುರೋಪ್ ಒಕ್ಕೂಟದವರಿಗೆ ಒಂದು ದರ, ನಮಗೆ ಸುಮಾರು ಅದರ ಎರಡರಷ್ಟು. ಬೇಜಾರು ಮಾಡಿಕೊಳ್ಳಬೇಡಿ, ಹಂಪಿಯಲ್ಲಿ ನಾವೂ ವಿದೇಶಿಯರಿಗೆ ಜಾಸ್ತಿ ಹಾಕುತ್ತೇವಲ್ಲ. ಟಿಕೆಟ್ ಆನ್‌ಲೈನ್‌ನಲ್ಲಿ ವಾರಗಳ ಮುಂಚೆಯೇ ಖಾಲಿಯಾಗುತ್ತದೆ. ಅಲ್ಲಿಗೆ ಹೋಗಿ ನಿಂತರೆ ಸಿಗುವುದು ಅನುಮಾನ.

ವಾಸ್ತುಶಿಲ್ಪಿಯ ಹೆಸರು ಇಮ್ರೆ ಸ್ಟೈಂಡ್ಲ್. ಕಟ್ಟಡ ಮುಗಿಯುವ ಹೊತ್ತಿಗೆ ಆತನಿಗೆ ಕಣ್ಣು ಕಾಣುತ್ತಿರಲಿಲ್ಲ, ಪೂರ್ತಿ ಆದದ್ದನ್ನು ನೋಡದೆ 1902ರಲ್ಲಿ ತೀರಿಕೊಂಡ. ಗುಮ್ಮಟದ ಎತ್ತರ 96 ಮೀಟರ್. ಸೇಂಟ್ ಸ್ಟೀಫನ್ ಬೆಸಿಲಿಕಾದ್ದೂ 96. ಹಂಗೇರಿಯನ್ನರು ಬಂದು ನೆಲೆಸಿದ ವರ್ಷ ಎಂದು ಅವರು ನಂಬುವ 896ರ ನೆನಪಿಗೆ. ಗುಮ್ಮಟದ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ರಾಜರ ಕಿರೀಟ ಇದೆ, ಕಾವಲುಗಾರರು ಕತ್ತಿ ಹಿಡಿದು ನಿಂತಿರುತ್ತಾರೆ. ಕಿರೀಟದ ತುದಿಯ ಶಿಲುಬೆ ವಾಲಿದೆ. ಅದನ್ನು ನೆಟ್ಟಗೆ ಮಾಡುವ ಗೋಜಿಗೆ ಯಾರೂ ಹೋಗಿಲ್ಲ, ನಾಣ್ಯದ ಮೇಲೂ ವಾಲಿಸಿಯೇ ಹಾಕಿದ್ದಾರೆ. ಆ ಕೋಣೆಯಲ್ಲಿ ಫೋಟೋ ನಿಷೇಧ. ಹಾಗಾಗಿ ಕಣ್ಣು ಬಿಟ್ಟು ನೋಡುವುದೊಂದೇ ದಾರಿ.

ಹೊರಗೆ ಬಂದ ಮೇಲೆ ಎದುರಿನ ಕೃಷಿ ಇಲಾಖೆಯ ಕಟ್ಟಡದ ಕಂಬಗಳ ಹತ್ತಿರ ಹೋಗಿ. ಗೋಡೆಯಲ್ಲಿ ಕಂಚಿನ ಗುಂಡುಗಳು ಕಾಣುತ್ತವೆ. ಸೋವಿಯತ್ ಹಿಡಿತದ ವಿರುದ್ಧ ಎದ್ದ 1956ರ ದಂಗೆಯಲ್ಲಿ ಅಕ್ಟೋಬರ್ 25ರಂದು ಈ ಚೌಕದಲ್ಲಿ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದ್ದರ ಗುರುತು. ಟಿಕೆಟ್ ಕ್ಯೂನಲ್ಲಿ ನಿಂತವರಲ್ಲಿ ಹೆಚ್ಚಿನವರು ಅತ್ತ ತಿರುಗುವುದೂ ಇಲ್ಲ.

ಅಲ್ಲಿಂದ ನದಿ ದಡಕ್ಕೆ ಇಳಿದರೆ ಕಬ್ಬಿಣದ ಬೂಟುಗಳು. 60 ಜೊತೆ, 2005ರಲ್ಲಿ ಇಟ್ಟದ್ದು. 1944-45ರಲ್ಲಿ ಆ್ಯರೋ ಕ್ರಾಸ್ ಎಂಬ ಫ್ಯಾಸಿಸ್ಟ್ ಗುಂಪಿನವರು ಯಹೂದಿಗಳನ್ನು ದಡಕ್ಕೆ ತಂದು, ಬೂಟು ಬಿಚ್ಚಿಸಿ, ಗುಂಡು ಹೊಡೆದು ನೀರಿಗೆ ಬೀಳಿಸುತ್ತಿದ್ದರು. ಬೂಟಿಗೆ ಆಗ ಬೆಲೆ ಇತ್ತು. ಹೆಂಗಸರ ಹಿಮ್ಮಡಿ ಚಪ್ಪಲಿ ಇದೆ, ಮಕ್ಕಳದ್ದೂ ಇದೆ. ದಯವಿಟ್ಟು ಅಲ್ಲಿ ಕಾಲು ತೂರಿಸಿ ಫೋಟೋ ತೆಗೆಸಿಕೊಳ್ಳಬೇಡಿ. ಮಾಡುವವರನ್ನು ನೋಡಿದ್ದೇನೆ, ನಮ್ಮವರೇ.

ಉಪ್ಪಿಟ್ಟು ವಿರೋಧಿ

ಸ್ನಾನಗೃಹಕ್ಕೆ ಹೋಗಲೇಬೇಡಿ ಅಂತೀನಿ. ಸೇಚೆನಿ ಅನ್ನುವ ಸ್ನಾನಗೃಹದ ಟಿಕೆಟ್ ದರದಲ್ಲಿ ಇಬ್ಬರು ಎರಡು ದಿನ ಊಟ ಮಾಡಬಹುದು. ಜನಜಾತ್ರೆ ಬೇರೆ.

ಡ್ಯಾನ್ಯೂಬ್ ದಂಡೆ

ಉಪ್ಪಿಟ್ಟಿನವರೇ, ನೀವು ವಾರಾಂತ್ಯದಲ್ಲಿ ಮಧ್ಯಾಹ್ನ ಹೋಗಿದ್ದೀರಿ ಅನಿಸುತ್ತೆ. ಕೆಲಸದ ದಿನ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಬೇಕು. 1913ರ ಹಳದಿ ಕಟ್ಟಡ, ಮಧ್ಯೆ ಬಯಲಲ್ಲಿ ಬಿಸಿನೀರಿನ ಕೊಳ, ಎದೆಮಟ್ಟ ನೀರಿನಲ್ಲಿ ನಿಂತು ಚದುರಂಗ ಆಡುವ ಅಜ್ಜಂದಿರು. ಆ ಚದುರಂಗದ ಮಣೆ ಕೊಳದ ಅಂಚಿಗೇ ಇದೆ. ಒಬ್ಬರು ಕುದುರೆ ಎತ್ತಿ ಹಿಡಿದು ಐದು ನಿಮಿಷ ಯೋಚಿಸಿದ್ದನ್ನು ನೋಡುತ್ತಾ ನನ್ನ ಬೆರಳೆಲ್ಲ ಸುಕ್ಕುಗಟ್ಟಿತ್ತು.

ದುಡ್ಡು ಮುಖ್ಯ ಅಂದರೆ ಬುಡಾ ಕಡೆಯ ಲುಕಾಚ್‌ಗೆ ಹೋಗಿ. ಥಳುಕು ಕಡಿಮೆ, ದರವೂ ಕಡಿಮೆ, ಊರಿನವರೇ ಜಾಸ್ತಿ. ವಾಸಿಯಾದವರು ಕೃತಜ್ಞತೆಗೆ ಕೊಟ್ಟ ಕಲ್ಲುಫಲಕಗಳು ಅಂಗಳದ ಗೋಡೆಯಲ್ಲಿವೆ. ರುದಾಶ್ 16ನೇ ಶತಮಾನದ ಟರ್ಕಿ ಆಳ್ವಿಕೆಯದ್ದು. ಅದರ ಹಳೇ ಭಾಗಕ್ಕೆ ಹೆಂಗಸರ ದಿನ, ಗಂಡಸರ ದಿನ ಎಂಬ ಪದ್ಧತಿ ಇದೆ, ವೇಳಾಪಟ್ಟಿ ನೋಡಿಕೊಂಡೇ ಹೋಗಿ. ಟವೆಲ್, ಚಪ್ಪಲಿ ರೂಮಿನಿಂದಲೇ ಒಯ್ಯಿರಿ, ಅಲ್ಲಿ ತಗೊಂಡರೆ ದುಬಾರಿ. ಈಜುಡುಗೆ ಮೈಮುಚ್ಚುವಂಥದ್ದು ಹಾಕಿಕೊಂಡರೂ ಯಾರೂ ತಿರುಗಿ ನೋಡುವುದಿಲ್ಲ, ಈಜುಬಟ್ಟೆಯದ್ದೇ ಆಗಿರಬೇಕು ಅಷ್ಟೇ. ಹತ್ತಿ ಚೂಡಿದಾರ್‌ನಲ್ಲಿ ಇಳಿಯಲು ಬಿಡುವುದಿಲ್ಲ.

ಊಟದ ವಿಷಯ ನಾನೇ ಹೇಳುತ್ತೇನೆ, ನಾನೂ ಸಸ್ಯಾಹಾರಿ. ಗುಲ್ಯಾಶ್‌ನಲ್ಲಿ ದನದ ಮಾಂಸ, ಅದನ್ನು ಬಿಡಿ. ಲಾಂಗೋಶ್ ಹುಡುಕಿ. ತಟ್ಟೆ ಅಗಲದ ದಪ್ಪ ಪೂರಿ ಅಂದುಕೊಳ್ಳಿ. ಹುಳಿಬಂದ ಹಿಟ್ಟನ್ನು ಕೈಯಲ್ಲೇ ಎಳೆದು, ಎಣ್ಣೆಗೆ ಬಿಟ್ಟು, ಕೆಂಪಗಾದ ಮೇಲೆ ಬೆಳ್ಳುಳ್ಳಿ ನೀರು ಸವರಿ, ಹುಳಿ ಕೆನೆ ಬಳಿದು, ಮೇಲೆ ತುರಿದ ಚೀಸ್ ಸುರಿಯುತ್ತಾರೆ. ಒಂದನ್ನು ಇಬ್ಬರು ತಿನ್ನಬಹುದು. 1897ರ ದೊಡ್ಡ ಮಾರುಕಟ್ಟೆಯ ಮಹಡಿಯಲ್ಲಿ ಪ್ರವಾಸಿಗರ ದರ. ಮೆಣಸಿನ ಪುಡಿಯ ಸಾಲು, ಬಣ್ಣದ ಹೆಂಚಿನ ಛಾವಣಿ ನೋಡಲು ಅಲ್ಲಿಗೆ ಹೋಗಿ, ತಿನ್ನಲು ಬಡಾವಣೆಗಳ ಸಣ್ಣ ಮಾರುಕಟ್ಟೆಗೆ ಹೋಗಿ. ಫೊಜೆಲೇಕ್ ಅಂತ ತರಕಾರಿಯ ಗಟ್ಟಿ ಪಲ್ಯದಂಥದ್ದು ಇದೆ, ಕುಂಬಳ, ಪಾಲಕ್, ಬಟಾಣಿ, ಬೇಳೆ. ಮೇಲೆ ಮಾಂಸದ ತುಂಡು ಇಡುತ್ತಾರೆ. ಬೇಡ, ಮೊಟ್ಟೆ ಇಡಿ ಅಂತ ಹೇಳಬಹುದು. ಹಂದಿಯ ಕೊಬ್ಬಿನಲ್ಲಿ ಮಾಡಿದ್ದಾ ಅಂತಲೂ ಕೇಳಿ, ಕೆಲವು ಕಡೆ ಹಾಗೆ ಮಾಡುತ್ತಾರೆ. ಕೆಲಸದ ದಿನ ಮಧ್ಯಾಹ್ನ ಹೋಟೆಲ್‌ಗಳಲ್ಲಿ "ನಪಿ ಮೆನ್ಯೂ" ಬೋರ್ಡ್ ಇರುತ್ತದೆ, ಅಂದರೆ ದಿನದ ಊಟ. ಸೂಪು ಸೇರಿ ಅಗ್ಗಕ್ಕೆ ಸಿಗುತ್ತದೆ. ರಾತ್ರಿ ಅದೇ ಹೋಟೆಲ್ ಬೇರೆಯೇ ದರ ಹೇಳುತ್ತದೆ. ಹೊಟ್ಟೆ ತುಂಬ ತಿನ್ನುವುದು ಮಧ್ಯಾಹ್ನ ಇರಲಿ.

ಲೆಕ್ಕದ ಪುಸ್ತಕ

ಯಾರೂ ಕೇಳದ ಮಾತು ಹೇಳುತ್ತೇನೆ. ಕಡಿಮೆ ಖರ್ಚಿನ ಪ್ರವಾಸದಲ್ಲಿ ಜಗಳ ಬರುವುದು ದೊಡ್ಡ ಮೊತ್ತಕ್ಕಲ್ಲ, ಕಾಫಿಗೆ. ಒಬ್ಬರಿಗೆ ದಿನಕ್ಕೆ ಮೂರು ಕಾಫಿ ಬೇಕು, ಇನ್ನೊಬ್ಬರು ನಲ್ಲಿ ನೀರು ಕುಡಿದು ಉಳಿಸುತ್ತಿರುತ್ತಾರೆ. ಬಿಲ್ ಮಾತ್ರ ಅರ್ಧರ್ಧ. ಮೂರನೇ ದಿನಕ್ಕೆ ಮುಖ ಊದಿರುತ್ತದೆ.

ರೂಮು, ಬಸ್ ಪಾಸು, ಸೂಪರ್‌ಮಾರ್ಕೆಟ್ ಸಾಮಾನು ಇವಿಷ್ಟಕ್ಕೆ ಒಂದು ಹುಂಡಿ. ಇಬ್ಬರೂ ಮೊದಲ ದಿನವೇ ಸಮ ಹಾಕಿ. ಟಿಕೆಟ್ ಇರುವ ಜಾಗ, ಕಾಫಿ, ಕೇಕು, ಶಾಪಿಂಗ್ ಅವರವರ ಜೇಬಿನದ್ದು. ನಿಮ್ಮ ಗೆಳತಿಗೆ ಮ್ಯೂಸಿಯಂ ಬೇಕು, ನಿಮಗೆ ಬೇಡ. ಹಾಗಾದರೆ ಜೊತೆಗೆ ಹೋಗಿ ಬಾಗಿಲಲ್ಲಿ ಆಕಳಿಸುತ್ತಾ ನಿಲ್ಲಬೇಡಿ. ಅವಳು ಕೋಟೆ ಅರಮನೆಯ ರಾಷ್ಟ್ರೀಯ ಗ್ಯಾಲರಿಗೆ ಹೋಗಲಿ. ನೀವು ಆ ಹೊತ್ತಿಗೆ ಮೀನುಗಾರರ ಬುರುಜಿನ ಕಡೆ ನಡೆಯಿರಿ. ಮೇಲಿನ ಗೋಪುರಗಳಿಗೆ ಹಗಲು ಟಿಕೆಟ್, ಕೆಳಗಿನ ಜಗಲಿಗೆ ಇಲ್ಲ. ನೋಟ ಹೆಚ್ಚು ಕಡಿಮೆ ಅದೇ.

ಇಡೀ ದಿನ ಒಟ್ಟಿಗೇ ಇರಬೇಕು ಅನ್ನುವುದು ಹನಿಮೂನ್‌ನವರಿಗೆ. ಸ್ನೇಹಿತರಿಗೆ ದಿನಕ್ಕೆ ಎರಡು ಮೂರು ಗಂಟೆ ಬಿಡುವು ಬೇಕು.

ಪ್ರಾಗ್ ಪ್ರೇಮಿ

ಬುಡಾಪೆಸ್ಟ್ ಯಾಕೆ? ಪ್ರಾಗ್ ಇನ್ನೂ ಚೆಂದ.

ರೈಲು ಹುಚ್ಚ

ಚೆಂದವೇ. ಆದರೆ ಹಳೇ ಊರಿನ ಚೌಕದಲ್ಲಿ ನಡೆಯಲು ಜಾಗ ಬಿಡುತ್ತಾರಾ? ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಬಂದು ಜಗಳ ಆಡುತ್ತೇನೆ.

ತುಂಗಾತೀರ ಮೇಡಂ, ವಿಯೆನ್ನಾಗೆ ಕೆಲೆಟಿ ಸ್ಟೇಷನ್‌ನಿಂದ ರೈಲು ಎರಡೂಮುಕ್ಕಾಲು ಗಂಟೆ ಒಳಗೆ. ಮುಂಚೆ ಬುಕ್ ಮಾಡಿದರೆ ಅಗ್ಗ. ಆದರೆ ಒಂದು ವಾರದಲ್ಲಿ ಎರಡು ರಾಜಧಾನಿ ತುರುಕಬೇಡಿ ಅನ್ನುವುದು ನನ್ನ ಅಭಿಪ್ರಾಯ. ವಿಯೆನ್ನಾದಲ್ಲಿ ಎರಡು ರಾತ್ರಿಯ ರೂಮ್ ದುಡ್ಡಿಗೆ ಬುಡಾಪೆಸ್ಟ್‌ನಲ್ಲಿ ಜಾಸ್ತಿ ದಿನ ಸಿಗುತ್ತದೆ. ಆ ಹೊತ್ತಿನಲ್ಲಿ ಬುಡಾ ಗುಡ್ಡದ ಮಕ್ಕಳ ರೈಲು ಹತ್ತಿ. 1948ರಲ್ಲಿ ಶುರುವಾದದ್ದು, 11 ಕಿಲೋಮೀಟರ್, ಕಾಡಿನ ಮಧ್ಯೆ. ಟಿಕೆಟ್ ಕೊಡುವವರು, ಸಿಗ್ನಲ್ ನೋಡುವವರು, ಬಾವುಟ ಹಿಡಿಯುವವರು ಎಲ್ಲ 10ರಿಂದ 14 ವರ್ಷದ ಮಕ್ಕಳು. ಎಂಜಿನ್ ಓಡಿಸುವವರು ಮಾತ್ರ ದೊಡ್ಡವರು. ರೈಲು ಹೊರಡುವಾಗ ಆ ಮಕ್ಕಳು ಸಮವಸ್ತ್ರದಲ್ಲಿ ನಿಂತು ಸೆಲ್ಯೂಟ್ ಹೊಡೆಯುತ್ತಾರೆ. ನಗು ಅನ್ನುವುದೇ ಇಲ್ಲ ಮುಖದಲ್ಲಿ, ಅಷ್ಟು ಶಿಸ್ತು.

ತುಂಗಾತೀರ

ವಿಯೆನ್ನಾ ಕೈಬಿಟ್ಟೆವು. ಈ ಚರ್ಚೆಯನ್ನು ಗೆಳತಿಗೆ ಓದಿಸಿದೆ. ಹುಂಡಿಯ ಮಾತಿಗೆ ನಕ್ಕಳು, ಕಾಫಿ ಅವಳದ್ದೇ ಜಾಸ್ತಿ. ಪಾರ್ಲಿಮೆಂಟ್‌ಗೆ ಮತ್ತು ಲುಕಾಚ್‌ಗೆ ದುಡ್ಡು ಕೊಡುತ್ತೇವೆ. ಹಗ್ಗದ ರೈಲು, ದೋಣಿ ಬಿಟ್ಟೆವು. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಹುಟ್ಟಿದ ಊರು ಇದೇ ಅಂತ ಅವಳು ಆಗಲೇ ಓದಿಟ್ಟಿದ್ದಾಳೆ, ಅದರ ಬಗ್ಗೆ ಯಾರಿಗಾದರೂ ಗೊತ್ತಾ?

ಇನ್ನೊಂದು. ಅಮ್ಮ ಈಗಲೇ ಚಟ್ನಿಪುಡಿ, ತುಪ್ಪ, ಪೇಡ ಅಂತ ಪಟ್ಟಿ ಮಾಡುತ್ತಿದ್ದಾರೆ. ಒಯ್ಯಬಹುದಾ?

ಡ್ಯಾನ್ಯೂಬ್ ದಂಡೆ

ಹೌದು, 1913ರ ಜನವರಿಯಲ್ಲಿ ಇಲ್ಲೇ ಹುಟ್ಟಿದ್ದು. ತಾಯಿ ಹಂಗೇರಿಯವರು, ತಂದೆ ಪಂಜಾಬಿನ ಸಿಖ್. 1921ರಲ್ಲಿ ಭಾರತಕ್ಕೆ ಬರುವವರೆಗೆ ಅಮೃತಾ ಬೆಳೆದದ್ದು ಹಂಗೇರಿಯಲ್ಲೇ. ಆದರೆ ಆಕೆಯ ದೊಡ್ಡ ಚಿತ್ರಗಳಲ್ಲಿ ಹೆಚ್ಚಿನವು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿವೆ. ಅವಕ್ಕಾಗಿಯೇ ಬುಡಾಪೆಸ್ಟ್‌ಗೆ ಬರುವುದು ಬೇಡ.

ಪೆಸ್ಟ್ ಕಡೆಯವ

ತುಪ್ಪ, ಪೇಡ ಬೇಡ. ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ತರುವುದು ಯುರೋಪ್ ಒಕ್ಕೂಟದಲ್ಲಿ ನಿಷೇಧ. ಕಸ್ಟಮ್ಸ್‌ನವರು ಹಿಡಿದರೆ ಬುಟ್ಟಿಗೆ ಹಾಕುತ್ತಾರೆ, ದಂಡವೂ ಬೀಳಬಹುದು. ಚಟ್ನಿಪುಡಿ, ಸಾರಿನ ಪುಡಿ, ಅವಲಕ್ಕಿ, ರೊಟ್ಟಿ ಧಾರಾಳವಾಗಿ ತನ್ನಿ. ಹಣ್ಣುಗಳಲ್ಲಿ ಬಾಳೆ, ಅನಾನಸ್, ತೆಂಗು, ಖರ್ಜೂರದಂಥ ಕೆಲವಕ್ಕೆ ಮಾತ್ರ ಪ್ರಮಾಣಪತ್ರ ಬೇಕಿಲ್ಲ. ಮಾವಿನಹಣ್ಣು ನಡೆಯಲ್ಲ. ಹಸಿ ಕರಿಬೇವೂ ನಡೆಯಲ್ಲ.

ಪುಡಿಗಳನ್ನು ಅಂಗಡಿಯ ಪ್ಯಾಕೆಟ್‌ನಲ್ಲೇ ತನ್ನಿ. ಡಬ್ಬಿಯಲ್ಲಿ ತುಂಬಿದರೆ ಇದೇನು ಅಂತ ವಿವರಿಸುತ್ತಾ ನಿಲ್ಲಬೇಕಾಗುತ್ತದೆ. ಮತ್ತೆ ಶೇಂಗಾ ಚಟ್ನಿಪುಡಿ ಒಂದು ಪ್ಯಾಕೆಟ್ ಜಾಸ್ತಿ ಇದ್ದರೆ ಹೇಳಿ ಮೇಡಂ, ಊರ ಮಧ್ಯದ ದೆಆಕ್ ಚೌಕಕ್ಕೆ ನಾನೇ ಬಂದು ಇಸ್ಕೊಂಡು ಹೋಗ್ತೀನಿ. ಇಲ್ಲಿ ಎಲ್ಲ ಸಿಗುತ್ತೆ, ಅದೊಂದು ಸಿಗಲ್ಲ.